ಜಮಖಾನೆಯಿಂದ ಎದ್ದ ಹುಡುಗಿಯರು

ಕಮಲಾಪುರದ ಒಂದು ಪ್ರೌಢಶಾಲೆಯಲ್ಲಿ ವ್ಯಾಯಾಮ ಶಿಕ್ಷಕಿಯಾಗಿದ್ದ ಮಲ್ಕಮ್ಮನಿಗೆ ಸಿಟ್ಟು ಬಂದರೆ ಧ್ವನಿ ಏರುತ್ತಿರಲಿಲ್ಲ, ಇಳಿಯುತ್ತಿತ್ತು. ಆ ತಗ್ಗಿದ ಧ್ವನಿಗೆ ಹೆಡ್‌ಮಾಸ್ತರರೂ ಹೆದರುತ್ತಿದ್ದರು.

೧೯೯೭ರ ಡಿಸೆಂಬರಿನಲ್ಲಿ ಆಕೆ ತನ್ನ ಖೋಖೋ ತಂಡವನ್ನು ಪಂದ್ಯಾವಳಿಗೆಂದು ಕಲಬುರಗಿಗೆ ಕರೆತಂದಳು. ಬೆಳಗಿನ ಬಸ್ಸಿನಲ್ಲಿ ಕೂತು ಹುಡುಗಿಯರ ಕಾಲುಗಳು ಮರಗಟ್ಟಿದ್ದವು. ಮೈದಾನದಲ್ಲಿ ಗಂಡುಹುಡುಗರು ಸುತ್ತು ಓಡುತ್ತಿದ್ದರು, ಜಿಗಿಯುತ್ತಿದ್ದರು. ಹುಡುಗಿಯರಿಗೆ ಮಾತ್ರ ಗೋಡೆಯ ಪಕ್ಕದ ನೆರಳಿನಲ್ಲಿ ಜಮಖಾನೆ ಹಾಸಿತ್ತು. ದುಪಟ್ಟಾ ಹೊದ್ದು, ಅತಿಥಿಗಳು ಬರುವ ತನಕ ಅಲ್ಲೇ ಕೂರಬೇಕಂತೆ.

ಮಲ್ಕಮ್ಮ ನೇರ ಸಂಘಟಕ ಅಣವೀರಪ್ಪನ ಬಳಿಗೆ ಹೋದಳು.

"ಸರ್, ನಮ್ಮ ಹುಡುಗ್ಯಾರು ಮೈ ಬಿಸಿ ಮಾಡ್ಕೋಬೇಕ್ರಿ. ಜಾಗ ಕೊಡ್ರಿ."

"ಭಾಳ ಮಂದಿ ಸೇರ್ಯಾರ ಮೇಡಂ. ಹೆಣ್ಮಕ್ಕಳು ಕಾಲೆತ್ತಿ ಕುಣಿಯೋದು ಛಲೋ ಕಾಣಂಗಿಲ್ಲ. ಸೀಟಿ ಊದಿದ ಮ್ಯಾಲ ಆಡ್ತಾರ ಬಿಡ್ರಿ."

"ಆಡಿದ್ರ ಛಲೋ ಕಾಣ್ತದ, ಅದಕ್ಕ ತಯಾರಾದ್ರ ಕಾಣಂಗಿಲ್ಲೇನ್ರಿ?"

ಉತ್ತರಕ್ಕೆ ಕಾಯದೆ ಆಕೆ ತಿರುಗಿ ಬಂದಳು. "ಏಳ್ರಿ. ದುಪಟ್ಟಾ ತೆಗೆದಿಡ್ರಿ."

ತಂಡದ ನಾಯಕಿ ಅಮೀನಾ ಮೊದಲು ಎದ್ದಳು. ಮೆಲ್ಲಗೆ ಓಟ, ಆಮೇಲೆ ಮೊಣಕಾಲು ಸೊಂಟದ ಮಟ್ಟಕ್ಕೆತ್ತಿ ಓಟ, ಅಡ್ಡಡ್ಡ ಹೆಜ್ಜೆ, ಕಾಲು ಬೀಸುವುದು, ಕೂತು ಚಂಗನೆ ಏಳುವುದು. ಹುಡುಗಿಯರ ಹಣೆಯಲ್ಲಿ ಬೆವರು ಮೂಡಿತು. ಬೇಲಿಯಾಚೆಯಿಂದ ಯಾರೋ ಶಿಳ್ಳೆ ಹಾಕಿದರು. ಮಲ್ಕಮ್ಮ ಬೇಲಿಯ ತನಕ ನಡೆದುಹೋಗಿ ನಿಂತು ಒಬ್ಬೊಬ್ಬರ ಮುಖವನ್ನೂ ನೋಡಿದಳು. ಶಿಳ್ಳೆ ನಿಂತಿತು. ಜಮಖಾನೆಯ ಮೇಲಿದ್ದ ಉಳಿದ ತಂಡಗಳು ನೋಡುತ್ತಾ ಕೂತಿದ್ದವು. ಅವರ ಶಿಕ್ಷಕರು ಏಳಗೊಡಲಿಲ್ಲ.

ಅತಿಥಿಗಳ ಭಾಷಣ ಮುಗಿದು ಆಟ ಶುರುವಾಯಿತು. ಎದುರಿಗಿದ್ದದ್ದು ನಗರದ ತಂಡ. ಅದರಲ್ಲಿ ಬ್ರಹ್ಮಪುರ ಬಡಾವಣೆಯ ಸೂಗಮ್ಮ ಎಂಬ ಹುಡುಗಿ ಗಾಳಿಯಂಥ ಓಟಗಾರ್ತಿ. ಜಮಖಾನೆಯಿಂದ ಎದ್ದವಳೇ ಅಂಕಣಕ್ಕಿಳಿದು, ಅಮೀನಾಳಿಂದ ತಪ್ಪಿಸಿಕೊಳ್ಳಲು ಥಟ್ಟನೆ ತಿರುಗಿದಳು. ತೊಡೆಯ ಹಿಂಭಾಗ ಹಿಡಿದುಕೊಂಡು ಮಣ್ಣಿಗೆ ಬಿದ್ದಳು.

"ಯವ್ವಾ, ಹರೀತ್ರಿ!"

ಎಲ್ಲರಿಗಿಂತ ಮೊದಲು ಓಡಿದವಳು ಮಲ್ಕಮ್ಮ. ಹುಡುಗಿಯನ್ನು ಎತ್ತಿ ನೆರಳಿಗೆ ತಂದು, ತಣ್ಣೀರಿನಲ್ಲಿ ಅದ್ದಿದ ಬಟ್ಟೆ ಸುತ್ತಿದಳು. ಸೂಗಮ್ಮ ನೋವಿಗಿಂತ ಹೆಚ್ಚಾಗಿ ಆಟ ಹೋಯಿತೆಂದು ಅಳುತ್ತಿದ್ದಳು. ಅಣವೀರಪ್ಪ ಬಗ್ಗಿ ನೋಡಿ, "ಆಟದಾಗ ಇದು ಇದ್ದದ್ದೇ," ಎಂದ.

ಆಗ ಮಲ್ಕಮ್ಮನ ಧ್ವನಿ ಏರಿತು. ಇಡೀ ಮೈದಾನಕ್ಕೆ ಕೇಳಿಸಿತು.

"ಆಟದಾಗ ಅಲ್ರೀ! ನಿಮ್ಮ ಜಮಖಾನಿ ಮ್ಯಾಲ ಆಗ್ಯದ ಇದು! ತಣ್ಣಗ ಕುಂದ್ರಿಸಿ, ಒಮ್ಮೆಲೆ ಓಡು ಅಂದ್ರ ಕಾಲು ಏನ್ ಕಬ್ಬಿಣದ್ದೇನ್ರಿ? ನಿಮ್ಮ ಮರ್ಯಾದಿ ಉಳೀತು, ಈ ಕೂಸಿನ ಕಾಲು ಹೋಯ್ತು!"

ಪಂದ್ಯಗಳು ಮುಂದುವರಿದು ಕೊನೆಗೆ ಕಮಲಾಪುರ ಗೆದ್ದಿತು. ಕಪ್ ತೆಗೆದುಕೊಳ್ಳಲು ಮಲ್ಕಮ್ಮ ವೇದಿಕೆ ಹತ್ತಲಿಲ್ಲ. ಸೂಗಮ್ಮನ ಜೊತೆ ಆಟೋದಲ್ಲಿ ದವಾಖಾನೆಗೆ ಹೋಗಿದ್ದಳು. ಆ ಹುಡುಗಿ ಮತ್ತೆ ಓಡುವಷ್ಟರಲ್ಲಿ ಬೇಸಿಗೆ ಕಳೆದಿತ್ತು.

ಮರುವರ್ಷ ಅಣವೀರಪ್ಪ ತಾನೇ ಎದುರಿಗೆ ಬಂದ. "ಮೇಡಂ, ಹೆಣ್ಮಕ್ಕಳಿಗಂತ ಬ್ಯಾರೆ ಜಾಗ ಮಾಡೀವಿ," ಎಂದು ಹೆಮ್ಮೆಯಿಂದ ತೋರಿಸಿದ. ಮೈದಾನದ ಮೂಲೆಯಲ್ಲಿ, ನಾಲ್ಕು ದಿಕ್ಕಿಗೂ ಶಾಮಿಯಾನದ ಪರದೆ ಕಟ್ಟಿತ್ತು.

ಮಲ್ಕಮ್ಮ ಕೈಚೀಲ ಕೆಳಗಿಟ್ಟು, ಮೊದಲ ಗೂಟದ ಹಗ್ಗ ಬಿಚ್ಚತೊಡಗಿದಳು.