ಸೊಟ್ಟ ಸ್ಟೇರಿಂಗಿನ ಗಾಡಿಯಲ್ಲಿ ಮೊಲೆಂವರೆಗೆ

ದಾಬೋಲಿಮ್ ಬಿಟ್ಟಾಗ ಬೆಳಿಗ್ಗೆ ಏಳೂವರೆ. ನನ್ನ ತಮ್ಮ ಹನಮಂತನ ಹೊಸ ಪಿಕಪ್ ಗಾಡಿ. ಹಿಂದೆ ಟೈಲ್ಸಿನ ಡಬ್ಬಿಗಳು, ಮುಂದೆ ನಾವು ಮೂವರು: ಸ್ಟೇರಿಂಗ್ ಹಿಡಿದು ಹನಮಂತ, ನಡುವೆ ಅವನ ಹೆಂಡತಿ ಕಸ್ತೂರಿ, ಕಿಟಕಿಗೆ ನಾನು. ಟೈಲ್ಸನ್ನು ಕುಂಡಯಿಯ ಒಂದು ಕಾರ್ಖಾನೆಯಲ್ಲಿ ಇಳಿಸಿ, ಫೋಂಡಾ ದಾಟಿ, ಮೊಲೆಂನಲ್ಲಿ ನನ್ನನ್ನು ಹುಬ್ಬಳ್ಳಿ ಬಸ್ಸಿಗೆ ಹತ್ತಿಸುವುದು ಅವನ ವಿಚಾರ. ಒಟ್ಟು ಎಂಬತ್ತು ಕಿಲೋಮೀಟರಿನ ಆಸುಪಾಸು. ವಾಸ್ಕೋದಿಂದಲೇ ನೇರ ಬಸ್ಸಿದೆ, ಬರುವಾಗ ನೂರಾ ಹದಿನೈದು ರೂಪಾಯಿ ಕೊಟ್ಟು ಅದರಲ್ಲೇ ಬಂದಿದ್ದೆ. ಆದರೆ ತಮ್ಮ ಹೊಸ ಗಾಡಿ ತಂದಿರುವಾಗ ಅಕ್ಕ ಬಸ್ಸಿನಲ್ಲಿ ಹೊರಟರೆ ಅವರ ಓಣಿಯ ಮಂದಿ ಆಡಿಕೊಳ್ಳುವುದಿಲ್ಲವೇ? ಅದೂ ಅಲ್ಲದೆ ನನಗೂ ಆ ಗಾಡಿಯಲ್ಲಿ ಕೂಡುವ ಆಸೆ ಇತ್ತು, ಸುಳ್ಳೇಕೆ ಹೇಳಲಿ.

ಮಳೆಗಾಲ ಮುಗಿಯುತ್ತ ಬಂದಿತ್ತು. ರಾತ್ರಿ ಒಂದು ಸಣ್ಣ ಮಳೆ ಬಿದ್ದು ಬೆಳಿಗ್ಗೆ ಬಿಸಿಲು ಬಿದ್ದಿತ್ತು. ವಿಮಾನ ನಿಲ್ದಾಣದ ಮುಂದಿನ ರಸ್ತೆ ಉದ್ದಕ್ಕೆ ನೇರವಾಗಿದೆ. ಅಲ್ಲಿಯೇ ನನ್ನ ಕಣ್ಣು ಸ್ಟೇರಿಂಗ್ ಮೇಲೆ ಬಿತ್ತು. ಗಾಡಿ ನೇರ ಹೋಗುತ್ತಿತ್ತು, ಸ್ಟೇರಿಂಗ್ ಮಾತ್ರ ಎಡಕ್ಕೆ ವಾಲಿಕೊಂಡಿತ್ತು. ನಾನು ಗುಳೇದಗುಡ್ಡದ ಶಾಲೆಯಲ್ಲಿ ಮೂವತ್ತು ವರ್ಷ ಮಕ್ಕಳ ಅಕ್ಷರ ತಿದ್ದಿದವಳು. ಸೊಟ್ಟದ್ದು ಕಂಡರೆ ನನಗೆ ಸುಮ್ಮನಿರಲು ಬರುವುದಿಲ್ಲ.

"ಹನಮ್ಯಾ, ರಸ್ತಾ ನೆಟ್ಟಗೈತಿ. ಸ್ಟೇರಿಂಗ್ ಯಾಕ ಸೊಟ್ಟ ಹಿಡದೀ?"

ಕಸ್ತೂರಿ ನನ್ನ ಮೊಣಕಾಲನ್ನು ಮೆಲ್ಲಗೆ ಒತ್ತಿದಳು. ಸುಮ್ಮನಿರ್ರಿ ಎಂದು ಅದರ ಅರ್ಥ. ಮೂವತ್ತು ವರ್ಷದಲ್ಲಿ ಯಾವ ಹೆಡ್‌ಮಾಸ್ತರನೂ ನನಗೆ ಹಾಗೆ ಹೇಳಿರಲಿಲ್ಲ, ಆದರೂ ಸುಮ್ಮನಾದೆ.

ಕುಟ್ಠಾಳಿ ದಾಟಿ ಜುವಾರಿ ಸೇತುವೆ ಹತ್ತಿದೆವು. ಕೆಳಗೆ ಅದಿರು ತುಂಬಿದ ಬಾರ್ಜುಗಳು ನಿಧಾನವಾಗಿ ಹೊರಟಿದ್ದವು. ನಾನು ಅವನ್ನು ನೋಡುತ್ತಿದ್ದಾಗಲೇ ಹನಮಂತ ಸ್ಟೇರಿಂಗನ್ನು ಸಮಕ್ಕೆ ತಂದ. ಬಹುಶಃ ನನ್ನ ಮಾತು ನಾಟಿತ್ತು. ಸ್ಟೇರಿಂಗ್ ನೆಟ್ಟಗಾಯಿತು, ಗಾಡಿ ಬಲಕ್ಕೆ ಎಳೆಯಿತು, ಎದುರಿನಿಂದ ಬರುತ್ತಿದ್ದ ಬಸ್ಸು ಹಾರ್ನ್ ಹೊಡೆಯಿತು. ಅವನು ತಟ್ಟನೆ ಸರಿಮಾಡಿಕೊಂಡ. ಸ್ಟೇರಿಂಗ್ ಮತ್ತೆ ಸೊಟ್ಟಗಾಯಿತು.

ಆಗಶಿಯಲ್ಲಿ ಚಹಾಕ್ಕೆ ನಿಂತೆವು. ಕಸ್ತೂರಿ ಬಾಳೆಹಣ್ಣು ತರಲು ರಸ್ತೆಯ ಆಚೆ ಹೋದಳು. ಅವಳು ಹೋಗುವುದನ್ನೇ ಕಾಯುತ್ತಿದ್ದವನಂತೆ ಹನಮಂತ ಬಾಯಿ ಬಿಟ್ಟ.

"ಅಕ್ಕಾ, ಅದು ಗಾಡಿ ತಪ್ಪಲ್ಲ. ನನ್ನ ಕೈ ತಪ್ಪು."

ನಾಲ್ಕು ವರ್ಷದ ಹಿಂದಿನ ಮಾತು ಹೇಳಬೇಕು. ಹನಮಂತ ಗೋವಾಕ್ಕೆ ಬಂದದ್ದು ಗೌಂಡಿಯಾಗಿ. ಹನ್ನೆರಡು ವರ್ಷ ಗೋಡೆ ಕಟ್ಟಿದ. ಕಸ್ತೂರಿ ಅವನ ಕೈಕೆಳಗೆ ಸಿಮೆಂಟು ಹೊತ್ತಳು, ಇಟ್ಟಿಗೆಯ ಸಾಲು ನೇರ ಬರಲೆಂದು ಗೌಂಡಿಗಳು ಎಳೆಯುವ ದಾರದ ಇನ್ನೊಂದು ತುದಿ ಹಿಡಿದಳು. ಒಂದು ದಿನ ಬಿದಿರಿನ ಅಟ್ಟಣಿಗೆ ಕುಸಿದು ಅವನ ಬಲಭುಜ ಮುರಿಯಿತು. ಕೂಡಿತು, ಆದರೆ ಆ ಕೈ ಭುಜದ ಮೇಲೆ ಏಳುವುದಿಲ್ಲ. ಗೌಂಡಿ ಕೆಲಸ ಹೋಯಿತು. ಡ್ರೈವಿಂಗ್ ಕಲಿತು, ಮೂರು ವರ್ಷ ಬೇರೆಯವರ ಹಳೆ ಟೆಂಪೋ ಹೊಡೆದು, ಈಗ ಸ್ವಂತದ್ದು ತಂದಿದ್ದ. ಆ ಟೆಂಪೋದ ಸ್ಟೇರಿಂಗ್ ಎಷ್ಟು ಸಡಿಲವೆಂದರೆ ನೆಟ್ಟಗೆ ಯಾವುದು, ಸೊಟ್ಟ ಯಾವುದು, ದೇವರಿಗೇ ಗೊತ್ತು.

"ಗಾಡಿ ತಂದ ಕಡೆ ಕೇಳಿದ್ನಿ. ಹೊಸಾ ಗಾಡಿಗೆ ಏನೂ ಆಗಿರೂದಿಲ್ಲ, ನೀವ ಸರಿ ಹಿಡೀರಿ ಅಂದ್ರು. ಖರೇ ಐತಿ. ಎಡಗೈ ಜಗ್ಗತೈತಿ, ಬಲಗೈ ತಡಿಯೂದಿಲ್ಲ. ಅದರಾಗ ಜೀವ ಉಳದಿಲ್ಲ ಅಕ್ಕಾ."

"ಬ್ಯಾರೆ ಡ್ರೈವರ್ ಕಡಿಂದ ಹೊಡಿಸಿ ನೋಡಬೇಕಿಲ್ಲೋ?"

"ಏನಂತ ಹೇಳಿ ಕೊಡಲಿ? ನನ್ನ ಕೈ ಕೆಟ್ಟೈತಿ, ನೋಡ್ರಿ ಅಂತಲಾ?"

ಅವನಿಗೆ ಕೆಲಸ ಕಲಿಸಿದ ಹಿರಿಯ ಗೌಂಡಿ ಮೊದಲ ದಿನವೇ ಹೇಳಿಕೊಟ್ಟಿದ್ದನಂತೆ: ಗ್ವಾಡಿ ಸೊಟ್ಟ ಬಂದ್ರ ಇಟ್ಟಂಗಿ ಬೈಬ್ಯಾಡ, ನಿನ್ನ ಕೈ ನೋಡ್ಕೊ. ಅದೇ ಮಾತನ್ನು ಇವನು ಗಾಡಿಯವರೆಗೆ ತಂದಿದ್ದ. ಹೊಸ ಗಾಡಿಯನ್ನು ಅನುಮಾನಿಸುವುದು ಅವನಿಗೆ ಹೊಳೆದೇ ಇರಲಿಲ್ಲ.

ಆಮೇಲೆ ನಿಜವಾದ ಸುದ್ದಿ ಹೇಳಿದ. ಕುಂಡಯಿಯ ಅದೇ ಕಾರ್ಖಾನೆಯಲ್ಲಿ ವಾಚ್‌ಮನ್ ಕೆಲಸ ಖಾಲಿ ಇತ್ತು. ಇವತ್ತು ಅಲ್ಲಿಯ ಆಳುಗಳನ್ನು ನೋಡಿಕೊಳ್ಳುವ ಮುಕಾದಮನಿಗೆ ಹೂಂ ಎಂದು ಬರುವವನಿದ್ದ. ಗಾಡಿಗೆ ಬೇರೆ ಡ್ರೈವರನನ್ನು ಇಡುವುದು, ತಾನು ಗೇಟಿನಲ್ಲಿ ಕೂಡುವುದು.

"ಆಕೀನ್ನ ಬಾಜೂಕ ಕೂಡಿಸ್ಕೊಂಡು ಹೊಡ್ಯಾಕ ಅಂಜಿಕಿ ಬರತೈತಿ. ಆಕಿಗೆ ಇನ್ನೂ ಹೇಳಿಲ್ಲ. ನೀನೂ ಹೇಳಬ್ಯಾಡ."

ನಾನು ಸೊಂಟದ ಮೇಲೆ ಹೊತ್ತು ಬೆಳೆಸಿದ ತಮ್ಮ. ಗಾಡಿ ತಂದ ದಿನ ಅವನು ಫೋನಿನಲ್ಲಿ ನಕ್ಕ ನಗು ನೆನಪಾಯಿತು. ಚಹಾ ಅರ್ಧಕ್ಕೇ ಬಿಟ್ಟೆ.

ಹಳೇ ಗೋವಾ ಮುಗಿದು, ಬಾಣಸ್ತರಿಯ ಹೊಳೆ ದಾಟಿ ಕುಂಡಯಿಯ ಗುಡ್ಡ ಏರುವಷ್ಟರಲ್ಲಿ ಒಂಬತ್ತೂವರೆ ಆಗಿತ್ತು. ಕಾರ್ಖಾನೆಯ ಅಂಗಳಕ್ಕೆ ಸಿಮೆಂಟು ಹಾಕಿದ್ದರು. ಒಂದು ಬದಿಗೆ ನಮ್ಮ ಕಡೆಯ ಗೌಂಡಿಗಳೇ ಕಂಪೌಂಡ್ ಗೋಡೆ ಏರಿಸುತ್ತಿದ್ದರು. ಟೈಲ್ಸ್ ಇಳಿಸಿಯಾಯಿತು. ಹನಮಂತ ಅಂಗಿಯ ಗುಂಡಿ ಹಾಕಿಕೊಂಡು ಗೇಟಿನ ಕೋಣೆಯ ಕಡೆ ಹೆಜ್ಜೆ ಇಟ್ಟ.

"ಒಂದೀಟು ನಿಂದರ್ರಿ" ಎಂದಳು ಕಸ್ತೂರಿ.

ಅವಳು ಗೌಂಡಿಗಳ ಹತ್ತಿರ ಹೋಗಿ ಒಂದು ದಾರದ ಉಂಡೆ ಇಸಿದುಕೊಂಡು ಬಂದಳು. ತುದಿಯನ್ನು ಗಂಡನ ಮುಂದೆ ಹಿಡಿದಳು.

"ಹಿಡೀರಿ. ಗಾಡಿಗೆ ಹಿಡಿಯೂನು."

"ಹುಚ್ಚಿ ಅದೀಯೇನ?"

"ಹನ್ನೆರಡು ವರ್ಷ ಗ್ವಾಡಿಗೆ ಹಿಡಿದೇವಿ. ಗಾಡಿಗೆ ಹಿಡದ್ರ ಪಾಪ ಬರತೈತೇನ್ರಿ?"

ಹನಮಂತ ನನ್ನ ಕಡೆ ಸಿಟ್ಟಿನಿಂದ ನೋಡಿದ. "ನೀ ಹೇಳಿದೇನ?"

"ಅಕ್ಕಾರು ಏನೂ ಹೇಳಿಲ್ಲ" ಎಂದಳು ಅವಳು. "ಒಂದು ತಿಂಗಳಾತು, ನಿದ್ದಿಗಣ್ಣಾಗ ನನ್ನ ಕೈ, ನನ್ನ ಕೈ ಅನಕೋತ ಸ್ಟೇರಿಂಗ್ ತಿರವಾಕತ್ತೀರಿ. ಬಾಜೂಕ ಮಲಗಾಕಿಗೆ ಗೊತ್ತಾಗೂದಿಲ್ಲೇನ್ರಿ?"

ಅವನು ಗಾಡಿಯನ್ನು ಇಪ್ಪತ್ತು ಹೆಜ್ಜೆ ನೇರ ತಂದು ನಿಲ್ಲಿಸಿ, ಸ್ಟೇರಿಂಗ್ ಹೇಗಿತ್ತೋ ಹಾಗೇ ಬಿಟ್ಟು ಇಳಿದ. ಹಿಂದಿನ ಟೈರಿನ ಬಳಿ ಅವಳು ಕುಕ್ಕರಗಾಲಲ್ಲಿ ಕೂತಳು, ಮುಂದಿನ ಟೈರಿನ ಬಳಿ ಅವನು. ದಾರ ಬಿಗಿಯಾಯಿತು. ಹಿಂದಿನ ಟೈರಿನ ಎರಡು ಅಂಚಿಗೆ, ಮುಂದಿನ ಟೈರಿನ ಎರಡು ಅಂಚಿಗೆ, ನಾಲ್ಕೂ ಕಡೆ ದಾರ ತಾಕಿ ನಿಂತಿತು. ಟೈರುಗಳು ನೆಟ್ಟಗಿದ್ದವು. ಗೌಂಡಿ ಬುದ್ಧಿ ಒಮ್ಮೆ ಹಿಡಿದದ್ದನ್ನು ನಂಬುವುದಿಲ್ಲ, ಆಚೆ ಬದಿಗೂ ಹಿಡಿಸಿದ. ಅಲ್ಲಿಯೂ ಹಾಗೇ.

ಆಮೇಲೆ ದಾರದ ತುದಿಯನ್ನು ಒಂದು ಇಟ್ಟಿಗೆಯ ಕೆಳಗೆ ಒತ್ತಿಟ್ಟು ಎದ್ದು ಬಂದು ಕಿಟಕಿಯಲ್ಲಿ ಇಣುಕಿದ. ನಾನೂ ಇಣುಕಿದೆ. ಒಳಗೆ ಯಾರೂ ಇರಲಿಲ್ಲ. ಯಾರ ಕೈಯೂ ಮೇಲಿರದ ಸ್ಟೇರಿಂಗ್ ಎಡಕ್ಕೆ ಸೊಟ್ಟಗೆ ಕೂತಿತ್ತು.

ಹನಮಂತ ಒಳಗೆ ಕೈ ಹಾಕಿ ಸ್ಟೇರಿಂಗನ್ನು ಸಮಕ್ಕೆ ತಂದ. ಮುಂದಿನ ಟೈರಿನ ಅಂಚು ದಾರದಿಂದ ಒಂದು ಬೆರಳು ಸರಿಯಿತು. ದಾರ ಕೊಟ್ಟಿದ್ದ ಸಿಂದಗಿ ಕಡೆಯ ಮುದುಕ ಗೌಂಡಿ ಕೈ ಒರೆಸಿಕೊಳ್ಳುತ್ತ ಬಂದು ನೋಡಿದ. ದಾರ ಕೇಳುವಾಗಲೇ ಕಸ್ತೂರಿ ಅವನಿಗೆ ಎಲ್ಲ ಹೇಳಿದ್ದಳಂತೆ.

"ಗಾಡಿ ಕೂಡಿಸಿದಾಂವ ಸೊಟ್ಟ ಕೂಡಿಸ್ಯಾನ. ಇದರಾಗ ನಿನ್ನ ಕೈ ಎಲ್ಲಿಂದ ಬಂತೋ ತಮ್ಮಾ?"

ಹನಮಂತ ಟೈರಿಗೆ ಒರಗಿ ನೆಲದ ಮೇಲೆ ಕೂತುಬಿಟ್ಟ. ಬಲಗೈಯನ್ನು ತೊಡೆಯ ಮೇಲಿಟ್ಟುಕೊಂಡು, ಎಡಗೈಯಿಂದ ಅದನ್ನು ಸವರುತ್ತ ಅತ್ತ. ನನಗೂ ಅಳು ತಡೆಯಲಾಗಲಿಲ್ಲ. "ಎದ್ದೇಳೋ, ಗಂಡಸರು ಹಿಂಗ ಅಳತಾರೇನ" ಎಂದು ಬೈದು ನಾನೇ ಸೆರಗಿನಲ್ಲಿ ಮೂಗು ಒರೆಸಿಕೊಂಡೆ. ಕಸ್ತೂರಿ ಮಾತ್ರ ಅಳಲಿಲ್ಲ. ದಾರವನ್ನು ಗಂಟು ಬೀಳದಂತೆ ಸುತ್ತಿ ಮುದುಕನಿಗೆ ಕೊಟ್ಟಳು. ಹನಮಂತ ಗೇಟಿನ ಕೋಣೆಗೆ ಹೋಗಿ ಮುಕಾದಮನಿಗೆ ಒಲ್ಲೆ ಎಂದು ಹೇಳಿ ಬಂದ.

ಫೋಂಡಾದಲ್ಲಿ ರಸ್ತೆ ಬದಿಯ ಗ್ಯಾರೇಜಿನ ಮಿಸ್ತ್ರಿ ಗಾಡಿಯ ಕೆಳಗೆ ಮಲಗಿದ. ಮುಂದಿನ ಚಕ್ರಗಳಿಗೆ ಜೋಡಿಸಿದ ಎರಡು ಸರಳುಗಳಲ್ಲಿ ಒಂದನ್ನು ಸ್ವಲ್ಪ ಬಿಗಿದು ಇನ್ನೊಂದನ್ನು ಸ್ವಲ್ಪ ಸಡಿಲಿಸಿದ. ಅರ್ಧ ಗಂಟೆಯ ಕೆಲಸ. ಒಂದು ತಿಂಗಳ ಸಂಕಟಕ್ಕೆ ಅರ್ಧ ಗಂಟೆ, ನನಗೆ ಮೈ ಉರಿಯಿತು. ಅಲ್ಲೇ ಮರದ ಕೆಳಗೆ ಕಸ್ತೂರಿ ಕಟ್ಟಿಕೊಂಡು ಬಂದಿದ್ದ ರೊಟ್ಟಿ, ಶೇಂಗಾ ಚಟ್ನಿ ತಿಂದೆವು. ಹನಮಂತ ಹೋಟೆಲಿನಿಂದ ಪಾವು, ಬಟಾಣಿ ಭಾಜಿಯನ್ನೂ ತಂದು, ನಾಲ್ಕು ರೊಟ್ಟಿಯ ಮೇಲೆ ಎರಡು ಪಾವು ತಿಂದ.

ಉಸಗಾಂವ್ ದಾಟುವವರೆಗೆ ಅದಿರಿನ ಲಾರಿಗಳ ಕೆಂಪು ಧೂಳು, ಆಮೇಲೆ ಎರಡೂ ಕಡೆ ಕಾಡು. ಸ್ಟೇರಿಂಗ್ ನೆಟ್ಟಗೆ, ರಸ್ತೆ ನೆಟ್ಟಗೆ. "ಅಕ್ಕಾ, ಅಕ್ಷರ ಹೆಂಗ ಬಂದೈತಿ ನೋಡ" ಎಂದು ಅವನು ನನ್ನನ್ನೇ ಕಾಡಿಸಿದ. ಹತ್ತಕ್ಕೆ ಒಂಬತ್ತು ಕೊಡತೇನಿ, ಮಾತಾಡದ ಹೊಡಿ ಎಂದೆ.

ಮೊಲೆಂ ಮುಟ್ಟಿದಾಗ ಎರಡು ಗಂಟೆ. ಹುಬ್ಬಳ್ಳಿ ಬಸ್ಸು ಇನ್ನೂ ಬಂದಿರಲಿಲ್ಲ. ಹನಮಂತ ನನಗೆ ನೀರಿನ ಬಾಟಲಿ ತರಲು ಅಂಗಡಿಗೆ ಹೋದ. ಕಸ್ತೂರಿ ನನ್ನ ಚೀಲ ಹಿಡಿದು ಪಕ್ಕದಲ್ಲಿ ನಿಂತಿದ್ದಳು. ನಾನು ಅವಳ ಜಾಣತನ ಹೊಗಳಿದೆ. ಅವಳು ತಲೆ ಅಲ್ಲಾಡಿಸಿದಳು.

"ಜಾಣತನ ಅಲ್ರಿ ಅಕ್ಕಾರ. ಗಾಡಿ ನೆಟ್ಟಗಿದ್ದು ಇವರ ಕೈ ಕೆಟ್ಟಿದ್ರ, ದಾರ ಒಂದು ಬಟ್ಟು ಸರಸಿ ತಪ್ಪು ಗಾಡೀದ ಅಂತ ತೋರಸಿಬಿಡೂದಂತ ಮಾಡಿದ್ನಿ. ಹನ್ನೆರಡು ವರ್ಷದಾಗ ಒಮ್ಮಿನೂ ದಾರ ಸರಸಿಲ್ಲ ನಾ. ಇವತ್ತ ಸರಸತಿದ್ನಿ."

ನಾನು ಅವಳ ಮೊಣಕೈ ಹಿಡಿದೆ. "ಹುಚ್ಚಿ, ಆಮ್ಯಾಲೆ ಆ ಕೈಲೆ ಗಾಡಿ ಹೊಡದು ಎಲ್ಲಾರ ಏನರ ಆಗಿದ್ರ?"

ಬಸ್ಸು ತಿರುವಿನಲ್ಲಿ ಕಾಣಿಸಿತು. ಅವಳು ಚೀಲವನ್ನು ನನ್ನ ಕೈಗೆ ಕೊಟ್ಟಳು.

"ಬಾಜೂಕ ನಾನೂ ಇರತಿದ್ನೆಲ್ರಿ" ಎಂದಳು.