ಮೂರನೆಯ ಕೂಗು

ಕೂಗುವ ಮೊದಲು ಕಾಕಾ ಅವರ ಕೊರಳಿನ ನರವೊಂದು ಬಾವಿಹಗ್ಗದ ಹಾಗೆ ಉಬ್ಬುತ್ತಿತ್ತು. ಲಿಂಗಸುಗೂರಿನ ಕೋರ್ಟಿನ ಬಾಗಿಲಲ್ಲಿ ನಿಂತು ಕಕ್ಷಿದಾರರನ್ನು ಮೂರು ಸಲ ಕರೆಯುವುದು ಅವರ ಉದ್ಯೋಗ. ಆ ದನಿಗೆ ಎಂಥ ಗೌಡರೂ ತಲೆಯ ಪಟಕಾ ಸರಿಪಡಿಸಿಕೊಂಡು ಓಡಿಬರುತ್ತಿದ್ದರು. ಸಂಜೆ ಮಸ್ಕಿ ದಾಟಿ ಊರಿಗೆ ಬಂದರೆ, ಅದೇ ಗೌಡರು ಗಾಜಿನ ಗ್ಲಾಸಿನಲ್ಲಿ ಚಹಾ ಕುಡಿಯುವ ಹೋಟೆಲಿನಲ್ಲಿ ಕಾಕಾಗೆ ಕಾಗದದ ಕಪ್ಪು, ಅದೂ ಹೊರಗೆ. ನಮ್ಮ ಕೇರಿಯವರಿಗೆಲ್ಲ ಅದೇ ಮರ್ಯಾದೆ.

ನಾನು ಕೇರಿಯ ಮೊದಲ ವಕೀಲ. ಕರಿಕೋಟಿನ ಇಸ್ತ್ರಿ ಇನ್ನೂ ಮುರಿದಿರಲಿಲ್ಲ. ಅಸ್ಪೃಶ್ಯತೆಯನ್ನು ನಿಷೇಧಿಸುವ, ಸಂವಿಧಾನದ ಹದಿನೇಳನೆಯ ವಿಧಿಗೆ ಘನ ನ್ಯಾಯಾಲಯವೇ ಬೆವರುವಂಥ ಭಾಷ್ಯ ಬರೆದು, ಆ ಹೋಟೆಲಿನ ಮೇಲಿನ ಹನ್ನೊಂದು ಪುಟದ ದೂರನ್ನು ಆಗಷ್ಟೇ ನಿವೃತ್ತರಾಗಿದ್ದ ಕಾಕಾನ ಮುಂದೆ ಓದಿದೆ.

“ಲೇ ವಕೀಲ, ಮೂರು ಸಲ ಕೂಗಿದ್ರೂ ಕಕ್ಷಿದಾರ ಬರ್ಲಿಲ್ಲಂದ್ರ ಏನಾಕೈತಿ?”

“ಎಕ್ಸ್‌ಪಾರ್ಟಿ, ಕಾಕಾ. ಅವ್ರು ಇಲ್ದನ ಫೈಸಲಾ.”

“ಹಾಂ. ಸಂವಿಧಾನದ ಅರ್ಥ ಜಡ್ಜ್ ಸಾಹೇಬ್ರು ಹೇಳ್ಲಿ, ಬ್ಯಾಡನ್ನಂಗಿಲ್ಲ. ಆದ್ರ ಅದನ್ನ ನಮಗ ನಾವ ಕೊಟ್ಕೊಂಡೀವಿ. ನಮ್ಮನ್ನ ಯಾರೂ ಕೂಗೇ ಇಲ್ಲಲ್ಲೋ!”

ಮರುದಿನ ಬೆಳಿಗ್ಗೆ ಕಾಕಾ ಹೋಟೆಲಿನ ಬಾಗಿಲಲ್ಲಿ ನೆಟ್ಟಗೆ ನಿಂತರು. ನರ ಉಬ್ಬಿತು.

“ಭಾರತದ ಪ್ರಜೆಗಳಾದ ನಾವೂ... ಹಾಜರಿದ್ದೀವೇನ್ರೀ...”

ಒಳಗೆ ನಗೆ. “ಮುದುಕಗ ಮನ್ಯಾಗ ಹೊತ್ತು ಹೋಗವಲ್ದು, ಇಲ್ಲಿ ಡ್ಯೂಟಿ ಹಚ್ಯಾನ!”

ಎರಡನೆಯ ಕೂಗಿಗೆ ಹೊರಗೆ ನಿಂತಿದ್ದ ನಮ್ಮವರು ಒಬ್ಬೊಬ್ಬರಾಗಿ ಕಪ್ಪು ಕೆಳಗಿಟ್ಟು “ಹಾಜರ್” ಅಂದರು. ನಗೆ ನಿಂತಿತು.

ಮೂರನೆಯ ಕೂಗಿಗೆ ಒಳಗಿನ ಬೆಂಚಿನಿಂದ ಮುದಿ ಗೌಡರೊಬ್ಬರು ಎದ್ದು ನಿಂತು “ಹಾಜರ್ ರೀ!” ಅಂದುಬಿಟ್ಟರು. ಹೊಲದ ಬದುವಿನ ವ್ಯಾಜ್ಯದಲ್ಲಿ ಇಪ್ಪತ್ತು ವರ್ಷ ಕಾಕಾನ ಕೂಗಿಗೆ ಎದ್ದವರು ಅವರು. ಅಂದು ಎಬ್ಬಿಸಿದ್ದು ಅಭ್ಯಾಸವೋ ಅಂತಃಸಾಕ್ಷಿಯೋ, ಆ ತೀರ್ಪನ್ನು ಇನ್ನೂ ಕಾದಿರಿಸಲಾಗಿದೆ. ಎದ್ದ ಮೇಲೆ ಸುಮ್ಮನೆ ಕೂಡುವಂತಿರಲಿಲ್ಲ. ಕೈಯ ಗ್ಲಾಸು ನೋಡಿಕೊಂಡು ಮಾಲೀಕನಿಗೆ ಹೇಳಿದರು:

“ಲೇ, ಅವ್ರಿಗೂ ಗ್ಲಾಸಿನ್ಯಾಗ ಕೊಡು. ಇಲ್ಲಂದ್ರ ನನಗೂ ಹೊರಗ ಕಾಗದದ ಕಪ್ಪು ಕೊಡು.”

ಇನ್ನಿಬ್ಬರು ಎದ್ದರು. ಮಾಲೀಕ ಅತ್ತ ಇತ್ತ ನೋಡಿ, ಕೊನೆಗೆ ಗ್ಲಾಸು ತೊಳೆದ. ಕಾಕಾ ಒಳಗೆ ಕೂತು, ಒಂದು ಗುಟುಕು ಹೀರಿ, “ಸಕ್ಕರಿ ಕಡಿಮಿ ಆಗೇತಿ” ಎಂದು ತಕರಾರು ಎತ್ತಿದರು. ಒಳಗೆ ಕೂತವನಿಗೆ ಮಾತ್ರ ಇರುವ ಹಕ್ಕು ಅದು.

ಹೋದ ವರ್ಷ ಕಾಕಾ ತೀರಿಕೊಂಡರು. ಆ ಹನ್ನೊಂದು ಪುಟ ನನ್ನ ಕಪಾಟಿನಲ್ಲೇ ಇವೆ. ನನ್ನ ವಕೀಲಿಯಲ್ಲಿ ದಾಖಲಿಸದೆ ಗೆದ್ದ ಕೇಸು ಅದೊಂದೇ. ವಾದಿಸಿದವನು ನಾನಲ್ಲ, ಅಂದು ಹೊರಗೆ ಕಪ್ಪು ಕೆಳಗಿಟ್ಟವರಲ್ಲಿ ನಾನೂ ಒಬ್ಬ.