ಸ್ಮೈಲಣ್ಣನ ನಗುವ ಬೆಕ್ಕು

ಅವನನ್ನು ನಾನು ಮೊದಲು ಕಂಡದ್ದು ಬೇಸಿಗೆಯ ಒಂದು ಬೆಳಿಗ್ಗೆ, ಹತ್ತು ಗಂಟೆಗೆ. ಕೆಲಸ ಕೇಳಲು, ಡಿಗ್ರಿ ಸರ್ಟಿಫಿಕೇಟನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಿಡಿದು ಅವನ ಬಾಗಿಲಲ್ಲಿ ನಿಂತಿದ್ದೆ. ಅದನ್ನವನು ನೋಡಲಿಲ್ಲ. ಎರಡು ಬೆರಳಿನಿಂದ ನನ್ನ ಗಲ್ಲ ಹಿಡಿದು ಕಿಟಕಿಯ ಕಡೆಗೆ ತಿರುಗಿಸಿದ.

"ಹಲ್ಲು ಕಾಣ್ಲಿ. ಹಾಂ. ಮುಖದಲ್ಲಿ ಕಳೆ ಇಲ್ಲ. ಹೋಗ್ಲಿ, ಬೆಕ್ಕುಗಳಿಗೆ ಸಾಕು."

ಮೂವತ್ತು ವರ್ಷ ಫೋಟೊ ಸ್ಟುಡಿಯೊ ನಡೆಸಿ, ಕೂತವರಿಗೆಲ್ಲ 'ಸ್ಮೈಲ್, ಸ್ಮೈಲ್' ಅಂದು, ಬೀದಿಯವರ ಬಾಯಲ್ಲಿ ಅವನು ಸ್ಮೈಲಣ್ಣ ಆಗಿದ್ದ. ಗಿರಾಕಿ ಕಡಿಮೆಯಾದ ಮೇಲೆ, ಪರಸ್ಥಳಕ್ಕೆ ಹೋಗುವವರು ಬೆಕ್ಕು ಬಿಟ್ಟುಹೋಗಲು ಒಂದು ಹಾಸ್ಟೆಲ್ ತೆರೆದ. ತಗಡಿನ ಸೂರಿನ ಕೆಳಗೆ ಎಂಟು ಗೂಡು, ಒಂದು ಕೂಲರ್, ಸ್ಟುಡಿಯೊ ಕಾಲದ, ಜಲಪಾತದ ಚಿತ್ರವಿದ್ದ ಪರದೆ. ಬೆಕ್ಕಿನ ಬಗ್ಗೆ ಅವನಿಗೆ ಗೊತ್ತಿದ್ದದ್ದು ಅದಕ್ಕೆ ನಾಲ್ಕು ಕಾಲು ಎಂಬುದಷ್ಟೇ. ಫೋಟೊದಲ್ಲಿ ಎರಡು ಕಂಡರೂ ಅವನಿಗೆ ನಡೆಯುತ್ತಿತ್ತು.

ಬೆಕ್ಕಿನವರೆಲ್ಲ ಇರುವ ವಾಟ್ಸಾಪ್ ಗುಂಪಿಗೆ ದಿನಕ್ಕೆ ಮೂರು ಸಲ ಫೋಟೊ ಹೋಗಬೇಕು. ಕೂಲರ್ ತಿರುಗುತ್ತಿದ್ದದ್ದು ಆಗ ಮಾತ್ರ. ಕ್ಲಿಕ್ ಆದ ಕೂಡಲೇ ಅದು ಬಂದ್. ನೀರಿನ ಬಟ್ಟಲು ಫೋಟೊಗೆ ಅಡ್ಡವೆಂದು ಎತ್ತಿಟ್ಟವನು ಮತ್ತೆ ಇಡುತ್ತಿರಲಿಲ್ಲ. ಮೇಲೆ ಥಳುಕು, ಒಳಗೆ ಹುಳುಕು. ಬಟ್ಟಲು ತುಂಬಿಸಿ, ಗೂಡುಗಳ ಮೇಲೆ ನಾನು ಒದ್ದೆ ಗೋಣಿ ಹಾಸಿದರೆ ಕಿತ್ತೆಸೆಯುತ್ತಿದ್ದ.

"ಡಿಗ್ರಿ ಸಾಹೇಬ್ರೇ, ಇದೇನು ಆಲೂಗಡ್ಡೆ ಮಂಡಿನಾ?"

ಆ ತಿಂಗಳು ನಿವೃತ್ತ ನರ್ಸಮ್ಮ ಒಬ್ಬರು ಹದಿಮೂರು ವರ್ಷದ ಬಿಳಿ ಬೆಕ್ಕನ್ನು ಬಿಟ್ಟು ತಂಗಿಯ ಮನೆಗೆ ಹೋದರು. ಮನೆಯಲ್ಲಿ ಅವರಿಗೆ ಜೊತೆಯಿದ್ದ ಜೀವ ಅದೊಂದೇ. ಮೂರನೇ ದಿನ ಮಧ್ಯಾಹ್ನ ನಾನು ನಲ್ಲಿಗೆ ಹೋಗಿ ಬರುವಷ್ಟರಲ್ಲಿ ಸ್ಮೈಲಣ್ಣ ಅದನ್ನು ಪರದೆಯ ಮುಂದೆ, ಮಖಮಲ್ ದಿಂಬಿನ ಮೇಲೆ ಮಲಗಿಸಿದ್ದ. ಬಾಯಿ ತೆರೆದಿತ್ತು, ಪಕ್ಕೆ ಬಡಿದುಕೊಳ್ಳುತ್ತಿತ್ತು.

"ನೋಡು, ಮುದುಕ ಕೊನೆಗೂ ನಕ್ಕ."

"ಸಾರ್, ನಾಯಿ ಬಾಯಿ ಬಿಟ್ರೆ ಸರಿ, ಬೆಕ್ಕು ಬಿಡಬಾರ್ದು. ಸೆಕೆ ತಡೀತಿಲ್ಲ ಅದಕ್ಕೆ."

"ನಗು ಯಾವ್ದು ಅಂತ ನಂಗೇ ಹೇಳ್ಕೊಡ್ತೀಯಾ? ಮೂವತ್ತು ವರ್ಷ ಊರನ್ನೇ ನಗಿಸಿದ್ದೀನಿ."

'ನಿಮ್ಮ ಮುದ್ದು ನಗ್ತಿದ್ದಾನೆ' ಎಂದು ಬರೆದು ಗುಂಪಿಗೆ ಕಳಿಸಿದ. ಮರುನಿಮಿಷವೇ ನರ್ಸಮ್ಮನ ಫೋನ್. ಹೊಗಳಿಕೆ ನನಗೂ ಕೇಳಿಸಲೆಂದು ಸ್ಪೀಕರ್ ಹಾಕಿದ.

"ಅದು ನಗು ಅಲ್ಲ ಕಣಯ್ಯಾ, ಏದುಸಿರು. ವಾರ್ಡಲ್ಲಿ ಎಷ್ಟು ಕಂಡಿದ್ದೀನಿ. ನಿನ್ನ ಕೈ ತೆಗಿ. ಆ ಕೆಲಸದ ಹುಡುಗನ ಕೈಗೆ ಕೊಡು ನನ್ನ ಮಗೂನ."

ನಾನು ಕೂಲರ್ ಹಾಕಿ, ಒದ್ದೆ ಬಟ್ಟೆಯಿಂದ ಅದರ ಪಾದ, ಕಿವಿ, ಹೊಟ್ಟೆ ಒರೆಸಿದೆ. ಸ್ಮೈಲಣ್ಣ ಐಸ್ ನೀರು ಸುರಿಯಲು ಬಂದ. ಫೋನಿನಿಂದಲೇ ನರ್ಸಮ್ಮ ಬೈದು ನಿಲ್ಲಿಸಿದರು. ಬೆಕ್ಕಿನೊಂದಿಗೆ ಪಶುವೈದ್ಯರಲ್ಲಿಗೆ ಹೋಗಲು ನಾನು ಆಟೊ ಹತ್ತುವಾಗ ಅವನು ಮೊಬೈಲ್ ಎತ್ತಿ ಹಿಡಿದು, "ಒಂದ್ನಿಮಿಷ, ಕಣ್ಣು ತೆರೆದಿದೆ, ಒಂದು ಕಳಿಸಿಬಿಡೋಣ" ಅಂದ. ನಾನು ಆಟೊದವನಿಗೆ ಹೊರಡಲು ಹೇಳಿದೆ.

ಇನ್ನರ್ಧ ಗಂಟೆ ತಡವಾಗಿದ್ದರೆ ಉಳಿಯುತ್ತಿರಲಿಲ್ಲ ಎಂದರು ಪಶುವೈದ್ಯರು. ಸಂಜೆ ಬಂದ ನರ್ಸಮ್ಮ ಬೆಕ್ಕನ್ನು ಸೆರಗಿನಲ್ಲಿ ಎತ್ತಿಕೊಂಡು, ಸ್ಮೈಲಣ್ಣ ಕಳಿಸಿದ್ದ ಫೋಟೊದ ಕೆಳಗೆ ಗುಂಪಿನಲ್ಲಿ ಒಂದೇ ಸಾಲು ಬರೆದರು: 'ಸಾಯುವ ಬೆಕ್ಕು ಹೀಗಿರುತ್ತದೆ.' ಮರುದಿನ ಮಧ್ಯಾಹ್ನದ ಹೊತ್ತಿಗೆ ಎಂಟೂ ಗೂಡು ಖಾಲಿ.

"ಫೋಟೊ ಎಷ್ಟು ಚೆನ್ನಾಗಿ ಬಂದಿತ್ತು" ಎಂದು ಅವನು ವಾರವಿಡೀ ಕೊರಗಿದ. ಬೆಕ್ಕು ಹೇಗಿದೆ ಎಂದು ಒಮ್ಮೆಯೂ ಕೇಳಲಿಲ್ಲ.

ಈಗ ಅವನು ಅದೇ ತಗಡಿನ ಕೆಳಗೆ ಗುರುತಿನ ಚೀಟಿಗೆ ಫೋಟೊ ತೆಗೆಯುತ್ತಾನೆ. ಆ ಫೋಟೊದಲ್ಲಿ ಯಾರೂ ನಗುವಂತಿಲ್ಲ.